ಕಾಲು ಉಳುಕಿದೆ, ಅನುಭವ ಇದ್ದವರು ಹೇಳಿ

ನಿನ್ನೆ ಮೆಟ್ಟಿಲು ಇಳಿಯುವಾಗ ಪಾದ ಒಳಗಡೆಗೆ ಮಡಚಿಕೊಂಡಿತು. ಹೊರಗಿನ ಗಿಣ್ಣಿನ ಕೆಳಗೆ ಬಾವು ಬಂದು ನೀಲಿಗಟ್ಟಿದೆ. ಕುಂಟುತ್ತಾ ನಡೆಯುತ್ತಿದ್ದೇನೆ. ಅಮ್ಮ ಬಿಸಿ ಎಣ್ಣೆ ಹಚ್ಚಿ ನೀವೋಣ ಅಂತಾರೆ. ಅಣ್ಣ ಹದಿನೈದು ದಿನ ಕಾಲು ನೆಲಕ್ಕೆ ಇಡಲೇಬೇಡ ಅಂತಾನೆ. ಯಾರ ಮಾತು ಕೇಳಲಿ?

*

ವಾಲಿಬಾಲ್ ಆಡುವವರಿಗೆಲ್ಲ ಇದು ಗೊತ್ತಿರುವ ನೋವು, ನೆಟ್ ಹತ್ತಿರ ಹಾರಿ ಇನ್ನೊಬ್ಬರ ಪಾದದ ಮೇಲೆ ಇಳಿದರೆ ಸಾಕು. ಮೊದಲು ಮೂಳೆ ಮುರಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ನಾಲ್ಕು ಹೆಜ್ಜೆ ಇಡೋಕೆ ಆಗದಿದ್ದರೆ, ಅಥವಾ ಗಿಣ್ಣಿನ ಮೂಳೆಯ ಹಿಂಬದಿ ಅಂಚನ್ನೋ, ಕಿರುಬೆರಳಿನ ನೇರಕ್ಕೆ ಪಾದದ ನಡುವೆ ಉಬ್ಬಿರುವ ಮೂಳೆಯನ್ನೋ ಒತ್ತಿದಾಗ ನೋವಾದರೆ ಇವತ್ತೇ ಎಕ್ಸ್‌ರೇ ಮಾಡಿಸಿ.

ಮೂಳೆ ಸರಿಯಿದ್ದರೆ ಪೆಟ್ಟು ಬಿದ್ದಿರುವುದು ಲಿಗಮೆಂಟಿಗೆ, ಅಂದರೆ ಮೂಳೆಗೆ ಮೂಳೆ ಕಟ್ಟಿರುವ ಪಟ್ಟಿಗೆ. ಅದರ ಎಳೆಗಳು ಹರಿದಾಗ ಸಣ್ಣ ರಕ್ತನಾಳಗಳೂ ಒಡೆಯುತ್ತವೆ, ನೀಲಿ ಬಣ್ಣ ಅದರದ್ದು. ಮೊದಲ ಕೆಲವು ದಿನ ದೇಹ ಹಾಳಾದದ್ದನ್ನು ತೆಗೆದು ಸ್ವಚ್ಛ ಮಾಡುತ್ತಿರುತ್ತದೆ, ಬಾವು ಆ ಕೆಲಸದ ಭಾಗವೇ. ಈಗ ಬಿಸಿ ಮಾಡಿ ತಿಕ್ಕಿದರೆ ಒಳಗೆ ರಕ್ತ ಇನ್ನೂ ಜಾಸ್ತಿ ಸೋರುತ್ತದೆ, ಅಮ್ಮನಿಗೆ ಇದನ್ನೇ ಹೇಳಿ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಮಲಗುವಾಗ ದಿಂಬಿನ ಮೇಲೆ ಕಾಲಿಡಿ.

ಆಮೇಲೆ ಸುಮಾರು ಆರು ವಾರ ಹೊಸ ಎಳೆಗಳು ಹುಟ್ಟುತ್ತವೆ, ಆದರೆ ಬಿಚ್ಚಿಬಿದ್ದ ತೆಂಗಿನ ನಾರಿನ ಹಾಗೆ ದಿಕ್ಕಿಲ್ಲದೆ. ಕಾಲಿನ ಮೇಲೆ ಹದವಾಗಿ ಭಾರ ಬಿದ್ದರೇನೇ ಅವು ಒಂದೇ ಕಡೆಗೆ ಜೋಡಿಸಿಕೊಂಡು ಗಟ್ಟಿಯಾಗುವುದು. ಹಾಗಾಗಿ ಅಣ್ಣ ಹೇಳಿದ್ದೂ ಬೇಡ. ನೋವು ತಡೆದುಕೊಳ್ಳೋಕೆ ಆಗುವಷ್ಟು ನಡೆಯಿರಿ, ಪಾದ ಮೇಲೆ ಕೆಳಗೆ ಆಡಿಸಿ. ಎರಡು ಮೂರು ವಾರಕ್ಕೆ ನೋವು ಹೋಗಬಹುದು, ಆದರೆ ಲಿಗಮೆಂಟ್ ಪೂರ್ತಿ ಬಲವಾಗೋಕೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷವೇ ಬೇಕು. ನೋವಿಲ್ಲ ಅಂತ ಓಡೋಕೆ ಇಳಿದವರಿಗೇ ಮತ್ತೆ ಅದೇ ಕಾಲು ಉಳುಕುವುದು, ನಮ್ಮ ತಂಡದಲ್ಲಿ ಎಷ್ಟೋ ಜನರಿಗೆ ಹೀಗಾಗಿದೆ.

*

ಐಸ್ ಬಗ್ಗೆ ಒಂದು ಮಾತು. ವಿಶ್ರಾಂತಿ, ಐಸ್, ಕಟ್ಟು, ಕಾಲು ಎತ್ತಿಡುವುದು ಅನ್ನುವ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಮುಂದೆ, ಐಸ್ ಮತ್ತು ಪೂರ್ತಿ ವಿಶ್ರಾಂತಿ ಎರಡೂ ವಾಸಿಯಾಗುವುದನ್ನು ತಡ ಮಾಡಬಹುದು ಅಂದರು. ನೋವು ತಡೆಯೋಕಾಗದಿದ್ದರೆ ಮಾತ್ರ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ.

*

ಮೇಲಿನವರು ಹೇಳಿದ್ದು ಸರಿ. ನನ್ನ ಮಗಳಿಗೆ ಫಿಸಿಯೋ ಕೊಟ್ಟ ಮುಖ್ಯ ವ್ಯಾಯಾಮ ಒಂಟಿ ಕಾಲಲ್ಲಿ ನಿಲ್ಲುವುದು. ಮೊದಲು ಗೋಡೆ ಹಿಡಿದು, ಆಮೇಲೆ ಬಿಟ್ಟು, ಕೊನೆಗೆ ಕಣ್ಣು ಮುಚ್ಚಿ. ಉಳುಕಿದ ಕಾಲಿಗೆ ಪಾದ ಹೇಗೆ ವಾಲುತ್ತಿದೆ ಅನ್ನುವ ಅರಿವು ಕಡಿಮೆಯಾಗಿರುತ್ತದಂತೆ, ಅದು ಮರಳಿ ಬರೋದು ಇದರಿಂದಲೇ. ಭಾರ ಹಾಕಿ ನಿಲ್ಲೋಕೆ ಆದ ದಿನದಿಂದ ಶುರು ಮಾಡಿ. ಮತ್ತೆ ಸದ್ಯಕ್ಕೆ ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಶೂ ಹಾಕಿಕೊಳ್ಳಿ.