ಮೇ ತಿಂಗಳಲ್ಲಿ ಉಡುಪಿಯಿಂದ ಮಥುರಾಕ್ಕೆ ಸ್ಲೀಪರ್‌ನಲ್ಲಿ ಹೋಗಬಹುದಾ?

ಕಾಪುವಿನ ಮಗಳು:

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 64 ವರ್ಷ. ಮಥುರಾ, ವೃಂದಾವನ ಒಮ್ಮೆ ನೋಡಬೇಕು ಅಂತ ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದಾರೆ. ಮಗನಿಗೆ 9 ವರ್ಷ, ಅವನಿಗೆ ರಜೆ ಇರುವುದು ಏಪ್ರಿಲ್ ಮತ್ತು ಮೇಯಲ್ಲಿ ಮಾತ್ರ, ನನಗೂ ಆಗಲೇ ರಜೆ ಸಿಗುವುದು. ಮೂವರಿಗೂ ಸೇರಿ 20 ಸಾವಿರದೊಳಗೆ ಮುಗಿಸಬೇಕು. ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಬರುವುದು ಎರಡೂ ಸ್ಲೀಪರ್ ಅಂತ ಲೆಕ್ಕ ಹಾಕಿದ್ದೇನೆ. ಅಣ್ಣ ಬೇಡವೇ ಬೇಡ, ಅಮ್ಮನನ್ನು ಬೇಯಿಸಿಬಿಡ್ತೀಯಾ ಅನ್ನುತ್ತಾನೆ. ಅಮ್ಮ ಮಾತ್ರ "ಇಲ್ಲಿ ಏನು ಸೆಕೆ ಕಡಿಮೆಯಾ, ಎಲ್ಲ ಅಭ್ಯಾಸ ಉಂಟು" ಅಂತಾರೆ. ಬೇಸಿಗೆಯಲ್ಲಿ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಇಂದ್ರಾಳಿಯವ:

ಅಕ್ಕ, ಹೋಗಬಹುದು, ಆದರೆ ಎರಡೂ ಕಡೆ ಸ್ಲೀಪರ್ ಬೇಡ. ನಾನು ಮೇಯಲ್ಲಿ ಮೂರು ಸಲ ಹೋಗಿ ಬಂದವನು, ಅದರಿಂದಲೇ ಹೇಳುತ್ತೇನೆ. ಹೋಗುವಾಗ ನಾವು ಉಡುಪಿಯಲ್ಲಿ ರಾತ್ರಿ ಹತ್ತುತ್ತೇವೆ, ಮರುದಿನ ಬೆಳಿಗ್ಗೆ ಪೂರ್ತಿ ಕೊಂಕಣ. ಸೆಕೆ ಇರುತ್ತದೆ, ಆದರೆ ಅದು ನಮ್ಮದೇ ಸೆಕೆ. ಕಲ್ಯಾಣ, ನಾಸಿಕ್ ದಾಟಿ ಭುಸಾವಳದ ಕಡೆ ಬರುವಷ್ಟರಲ್ಲಿ ಕತ್ತಲೆ. ಇಟಾರ್ಸಿ, ಭೋಪಾಲ ಎಲ್ಲ ನಿದ್ದೆಯಲ್ಲಿ ಕಳೆದುಹೋಗುತ್ತದೆ. ಕಷ್ಟ ಇರುವುದು ಎರಡನೇ ದಿನ ಝಾನ್ಸಿಯಿಂದ ಆಗ್ರಾದವರೆಗೆ ಮಾತ್ರ. ಅಷ್ಟನ್ನು ತಡೆದುಕೊಳ್ಳಬಹುದು.

ಬರುವಾಗ ಲೆಕ್ಕ ತಿರುಗುತ್ತದೆ. ರೈಲು ದಿಲ್ಲಿಯಿಂದ ಬೆಳಿಗ್ಗೆ ಹೊರಡುತ್ತದೆ. ಹಾಗಾಗಿ ಗ್ವಾಲಿಯರ್, ಝಾನ್ಸಿ, ಭೋಪಾಲ ಎಲ್ಲವೂ ನಡು ಬಿಸಿಲಿನಲ್ಲಿ ಬರುತ್ತವೆ. ಕಿಟಕಿಯಿಂದ ಬರುವುದು ಗಾಳಿಯಲ್ಲ, ಒಲೆಯ ಬಾಯಿ ತೆರೆದ ಹಾಗೆ. ಅದನ್ನು ಅಲ್ಲಿ ಲೂ ಅನ್ನುತ್ತಾರೆ. ಆದ್ದರಿಂದ ಹೋಗುವಾಗ ಸ್ಲೀಪರ್, ಬರುವಾಗ ತ್ರೀ ಎಸಿ ಮಾಡಿ. ತ್ರೀ ಎಸಿ ದರ ಸ್ಲೀಪರ್‌ಗಿಂತ ಹತ್ತಿರ ಹತ್ತಿರ ಎರಡೂವರೆ ಪಟ್ಟು ಆಗುತ್ತದೆ. ಆ ರೈಲಿನಲ್ಲಿ ತ್ರೀ ಎಸಿ ಎಕಾನಮಿ ಬೋಗಿ ತೋರಿಸಿದರೆ ಅದನ್ನೇ ತೆಗೆದುಕೊಳ್ಳಿ, ಸ್ವಲ್ಪ ಉಳಿಯುತ್ತದೆ. ಹೋಗುವಾಗಿನ ಉತ್ಸಾಹದಲ್ಲಿ ಎಲ್ಲ ಸಹಿಸಬಹುದು, ನಾಲ್ಕು ದಿನ ಬಿಸಿಲಲ್ಲಿ ಸುತ್ತಿ ಸುಸ್ತಾದ ಮೇಲೆ ಆಗುವುದಿಲ್ಲ.

ಇನ್ನೊಂದು ಮಾತು. ಹಗಲು ಮೇಲಿನ ಬರ್ತ್‌ನಲ್ಲಿ ಯಾರೂ ಮಲಗಬೇಡಿ, ಬೋಗಿಯ ತಗಡು ಕಾದು ಬಿಸಿ ಎಲ್ಲ ಅಲ್ಲೇ ನಿಲ್ಲುತ್ತದೆ. ಮಗನಿಗೆ ಮೇಲೆ ಹತ್ತುವುದೇ ಖುಷಿ ಆಗಿರಬಹುದು, ಆದರೂ ರಾತ್ರಿಗೆ ಮಾತ್ರ ಬಿಡಿ.

ಮಣಿಪಾಲದ ನರ್ಸ್:

ಅಮ್ಮ ಹೇಳುವ "ಅಭ್ಯಾಸ ಉಂಟು" ಅನ್ನುವುದೇ ನನಗೆ ಹೆದರಿಕೆ. ನನ್ನ ಅತ್ತೆಯೂ ಹೀಗೇ ಹೇಳಿದ್ದರು. ನಮ್ಮಲ್ಲಿ ಬೆವರು ಮೈಮೇಲೆ ಇಳಿಯುತ್ತದೆ, ಬಾಯಾರಿಕೆ ಆಗುತ್ತದೆ, ನೀರು ಕುಡಿಯುತ್ತೇವೆ. ಅಲ್ಲಿ ಗಾಳಿ ಒಣ. ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದ ಹಾಗೆ ಆರಿಹೋಗುತ್ತದೆ. "ನೋಡು, ಇಲ್ಲಿ ಬೆವರೇ ಇಲ್ಲ, ಎಷ್ಟು ಹಾಯಾಗಿದೆ" ಅಂತ ಅತ್ತೆ ಹೇಳಿದ್ದು ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಎದ್ದು ನಿಲ್ಲುವಾಗ ತಲೆ ತಿರುಗಿ ನನ್ನ ಕೈ ಮೇಲೆಯೇ ಬಿದ್ದರು. ರೈಲಿನ ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ ಬೆಳಿಗ್ಗೆಯಿಂದ ನೀರೇ ಕುಡಿದಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನಮ್ಮ ಹೆಂಗಸರು ತುಂಬಾ ಜನ ಹೀಗೆ ಮಾಡುತ್ತಾರೆ, ಹೇಳುವುದೂ ಇಲ್ಲ. ನೀವೇ ಅಮ್ಮನ ಜೊತೆ ಬಾಗಿಲವರೆಗೆ ಹೋಗಿ ನಿಲ್ಲಿ, ಆಗ ಧೈರ್ಯವಾಗಿ ನೀರು ಕುಡಿಯುತ್ತಾರೆ. ಮೂತ್ರ ಕಡು ಹಳದಿ ಆದರೆ ನೀರು ಸಾಲದು ಅಂತ ಅರ್ಥ.

ಓಆರ್‌ಎಸ್ ಪೊಟ್ಟಣ ನಾಲ್ಕೈದು ಇಟ್ಟುಕೊಳ್ಳಿ. ಪೊಟ್ಟಣ ಮುಗಿದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಮೇಲೆ ರಾಶಿ ಮಾಡಬೇಡಿ. ಅಮ್ಮನಿಗೆ ಬಿಪಿ ಅಥವಾ ಶುಗರ್ ಇದ್ದರೆ ಮೊದಲೇ ಡಾಕ್ಟರ್ ಹತ್ತಿರ ಕೇಳಿ. ಮಾತು ತೊದಲಿದರೆ, ಗೊಂದಲದಿಂದ ಮಾತಾಡಿದರೆ ಕಾಯಬೇಡಿ, ಕೂಡಲೇ ಟಿಕೆಟ್ ನೋಡುವ ಟಿಟಿಇಗೆ ಹೇಳಿ ಅಥವಾ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ.

ಬೈರಾಸನ್ನು (ತೆಳು ಟವೆಲ್) ಒದ್ದೆ ಮಾಡಿ ಕುತ್ತಿಗೆಗೆ ಹಾಕಿಸಿ. ನಮ್ಮೂರಲ್ಲಿ ಇದರಿಂದ ಅಷ್ಟೇನೂ ಪ್ರಯೋಜನ ಇಲ್ಲ, ಅಂಟಂಟು ಅಷ್ಟೇ. ಅಲ್ಲಿ ಒಣ ಗಾಳಿಗೆ ನೀರು ಬೇಗ ಆರುತ್ತದೆ, ಅದಕ್ಕೇ ಚೆನ್ನಾಗಿ ತಂಪಾಗುತ್ತದೆ.

ಸುರತ್ಕಲ್ ಪಯಣಿಗ:

ಟಿಕೆಟ್ ವಿಷಯ ನಾನು ಹೇಳುತ್ತೇನೆ. ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ, ಮೊದಲಿನ 120 ದಿನ ಈಗಿಲ್ಲ. ರಜೆಯ ಸಮಯ ಆದ್ದರಿಂದ ಆ ದಿನವೇ ಕೂರಿ. ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಸ್ಲೀಪರ್ ಹತ್ತುವಂತಿಲ್ಲ, ಆ ಆಸೆ ಬೇಡ ಮಾರಾಯ್ರೆ. ಹಿರಿಯರ ರಿಯಾಯಿತಿ 2020ರಲ್ಲಿ ನಿಂತಿತು. ಆದರೆ 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೋಟಾ ಉಂಟು. ಮೂವರನ್ನೂ ಒಂದೇ ಟಿಕೆಟ್‌ಗೆ ಹಾಕಿದರೆ ಆ ಕೋಟಾ ಸಿಗುವುದಿಲ್ಲ. ಅಮ್ಮನದು ಬೇರೆ ಮಾಡಿದರೆ ಬೋಗಿ ಬೇರೆ ಆಗುವ ಅಪಾಯ, ಅದನ್ನು ನೀವೇ ತೂಗಿ ನೋಡಿ. ನನಗೆ ಕೇಳಿದರೆ ಜೊತೆಗಿರುವುದೇ ಮೇಲು. ಮಗನಿಗೆ ಬರ್ತ್ ಬೇಕಾದರೆ ಪೂರ್ತಿ ದರ. ರಾತ್ರಿ ಹನ್ನೆರಡರ ಆಸುಪಾಸಿನ ರೈಲಿಗೆ ದಿನಾಂಕ ಎರಡು ಸಲ ನೋಡಿ, ಎಷ್ಟೋ ಜನ ತಪ್ಪುವುದು ಅಲ್ಲೇ.

ಊಟಕ್ಕೆ ತೆಂಗಿನಕಾಯಿ ಹಾಕಿದ್ದು ಯಾವುದೂ ಬೇಡ, ಒಂದೇ ದಿನಕ್ಕೆ ಹಳಸುತ್ತದೆ. ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ ಸಾಕು. ಒಣಗಿದ ಪುನರ್ಪುಳಿ (ಕೋಕಂ) ಸಿಪ್ಪೆ ಒಂದು ಹಿಡಿ ಇಟ್ಟುಕೊಳ್ಳಿ, ನೀರಲ್ಲಿ ನೆನೆಸಿ ಬೆಲ್ಲ, ಚೂರು ಉಪ್ಪು ಹಾಕಿದರೆ ಅಮ್ಮ ಬೇಡ ಅನ್ನದೆ ಕುಡಿಯುತ್ತಾರೆ.

ಕಾಪುವಿನ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶೌಚಾಲಯದ ಮಾತು ಓದಿ ಅಮ್ಮನನ್ನು ಕೇಳಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದು "ಹೌದು, ಧರ್ಮಸ್ಥಳಕ್ಕೆ ಹೋಗುವಾಗಲೂ ನಾನು ಹಾಗೇ ಮಾಡುವುದು" ಅಂದರು. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಹೋಗುವಾಗ ಸ್ಲೀಪರ್, ಬರುವಾಗ ತ್ರೀ ಎಸಿ ಅಂತ ನಿರ್ಧಾರ ಮಾಡಿದೆ. ಅಣ್ಣನೂ ಒಪ್ಪಿದ, ಬರುವ ಟಿಕೆಟ್‌ನ ಅರ್ಧ ಹಣ ತಾನೇ ಕೊಡುತ್ತೇನೆ ಅಂದ. ವೃಂದಾವನದಲ್ಲಿ ಹಗಲು ಸುತ್ತಬಹುದಾ?

ಇಂದ್ರಾಳಿಯವ:

ಮಧ್ಯಾಹ್ನ ದೇವಸ್ಥಾನಗಳ ಬಾಗಿಲು ಹಾಕಿರುತ್ತಾರೆ, ತೆರೆಯುವುದು ಮತ್ತೆ ಸಂಜೆಯೇ. ಬೆಳಿಗ್ಗೆ ಬೇಗ ಹೋಗಿ ಹತ್ತರೊಳಗೆ ರೂಮಿಗೆ ಬಂದುಬಿಡಿ. ಚಪ್ಪಲಿ ಬಿಟ್ಟು ನಡೆಯುವಾಗ ಕಲ್ಲು ಸುಡುತ್ತದೆ, ಅಮ್ಮನಿಗೂ ಮಗನಿಗೂ ದಪ್ಪ ಕಾಲುಚೀಲ ಒಂದೊಂದು ಜೊತೆ ಇಟ್ಟುಕೊಳ್ಳಿ.