ವಾಳೆಯ ಪಕ್ಕ ಜಾರ್ಖಂಡಿನವರು ಬಂದಿದ್ದಾರೆ, ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ, ಮಂಗಳೂರು:
ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಹಿಂದೆ ಹೊಸ ಫ್ಲ್ಯಾಟ್ ಕಟ್ಟುತ್ತಿದ್ದಾರೆ. ತಗಡಿನ ಶೆಡ್ಡಿನಲ್ಲಿ ಜಾರ್ಖಂಡ್, ಒಡಿಶಾ ಕಡೆಯ ಕುಟುಂಬಗಳಿವೆ, ಮಕ್ಕಳೂ ಇದ್ದಾರೆ. ವಾಳೆಯ ಮೀಟಿಂಗಿನಲ್ಲಿ ಅವರಿಗೆ ಏನಾದರೂ ಮಾಡೋಣ ಅಂದೆ. "ಹೊರಗಿನವರು, ಯಾರೋ ಏನೋ. ನಮ್ಮ ಬಡವರಿಗೆ ಮಾಡಿದರೆ ಸಾಕು" ಅಂದರು ಕೆಲವರು. ಪರದೇಶಿಯನ್ನು ಸೇರಿಸಿಕೊಂಡಿರಿ ಅನ್ನುವ ಬೈಬಲಿನ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಅದೇ ಭಾನುವಾರ ಪೂಜೆಯಲ್ಲಿ ಓದಿದ್ದು! ಅನುಭವ ಇದ್ದವರು ಹೇಳಿ.

ಶಿರ್ವದಿಂದ:
ಅಕ್ಕ, ಹಾಗೆ ಹೇಳಿದವರ ಮನೆಯಿಂದ ಗಲ್ಫಿಗೆ ಹೋದವರು ಎಷ್ಟು ಜನ ಅಂತ ಒಮ್ಮೆ ಕೇಳಿ ನೋಡಿ. ನಾನು 1990ರಲ್ಲಿ ಕುವೈತಿನಲ್ಲಿದ್ದೆ. ಆಗಸ್ಟ್ 2ಕ್ಕೆ ಸದ್ದಾಂ ಸೈನ್ಯ ನುಗ್ಗಿತು. ಬ್ಯಾಂಕ್ ಬಂದ್, ಸಂಬಳ ಇಲ್ಲ. ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನ್ ಗಡಿಗೆ ಬಂದು ಬಿದ್ದೆವು. ಮರುಭೂಮಿಯಲ್ಲಿ ಡೇರೆ. ಹಗಲು ಸುಡುವ ಬಿಸಿಲು, ರಾತ್ರಿ ಚಳಿ. ನೀರಿನ ಟ್ಯಾಂಕರ್ ಬಂದರೆ ಎಲ್ಲರದ್ದೂ ಓಟ. ಕುಬ್ಬೂಸನ್ನು (ಅರಬರ ರೊಟ್ಟಿ) ಲಾರಿಯ ಮೇಲಿಂದ ಎಸೆಯುತ್ತಿದ್ದರು, ಸಿಕ್ಕಿದವರಿಗೆ ಸಿಕ್ಕಿತು. ಆ ಎಸೆಯುವುದು ಉಂಟಲ್ಲ, ಅದು ಹಸಿವಿಗಿಂತ ಜಾಸ್ತಿ ನೋವು. ಒಬ್ಬ ಮುದುಕ ಮಾತ್ರ ಪಿಕಪ್ ನಿಲ್ಲಿಸಿ, ಇಳಿದು ಬಂದು, ಒಬ್ಬೊಬ್ಬರ ಕೈಗೆ ಕೊಟ್ಟ. ಕುಬ್ಬೂಸಿನೊಳಗೆ ಟೊಮೆಟೊ ಇಟ್ಟಿದ್ದ. ನನ್ನ ಕುತ್ತಿಗೆಯ ಶಿಲುಬೆ ಅವನಿಗೆ ಕಾಣುತ್ತಿತ್ತು. ಏನೂ ಕೇಳಲಿಲ್ಲ. ಆಮೇಲೆ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ. ಸುಮಾರು 1,70,000 ಭಾರತೀಯರನ್ನು ಹೀಗೆ ವಾಪಸ್ ತಂದರು, ಅದರಲ್ಲಿ ನಮ್ಮ ಊರಿನವರೂ ಇದ್ದರು.

ಹಾಗಾಗಿ ಶೆಡ್ಡಿನ ಹೊರಗೆ ಚೀಲ ಇಟ್ಟು ಬರಬೇಡಿ. ಒಳಗೆ ಹೋಗಿ ಕೂತುಕೊಳ್ಳಿ. ಚಾ ಕೊಟ್ಟರೆ ಕುಡಿಯಿರಿ.

ಕುಲಶೇಖರದಿಂದ:
ಮೊದಲು ಹಳೇ ಬಟ್ಟೆ ಒಟ್ಟು ಮಾಡುವುದನ್ನು ನಿಲ್ಲಿಸಿ ಮಾರಾಯ್ರೆ. ಸೆಂಟ್ರಿಂಗ್ ಕೆಲಸದವಳಿಗೆ ಜರಿ ಸೀರೆ ಎಂತಕ್ಕೆ? ಮಕ್ಕಳ ಶಾಲೆ ನೋಡಿ. ನಮ್ಮ ಹತ್ತಿರದ ಶೆಡ್ಡಿನ ಹುಡುಗಿಯನ್ನು ಒಂದು ಶಾಲೆಯವರು ಟಿಸಿ ಇಲ್ಲ ಅಂತ ವಾಪಸ್ ಕಳಿಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸ್ಪಷ್ಟ ಉಂಟು: 6ರಿಂದ 14 ವರ್ಷದ ಮಗುವನ್ನು ಟಿಸಿ ತಡವಾಯಿತು ಅಂತಲೋ, ವಯಸ್ಸಿನ ದಾಖಲೆ ಇಲ್ಲ ಅಂತಲೋ ಸೇರಿಸದೆ ಇರುವ ಹಾಗಿಲ್ಲ. ಆ ಪುಟದ ಝೆರಾಕ್ಸ್ ಹಿಡಿದು ಹೋದೆವು. ಜಗಳ ಮಾಡಲಿಲ್ಲ, ಸುಮ್ನೆ ಮೇಜಿನ ಮೇಲೆ ಇಟ್ಟೆವು. ಸೇರಿಸಿಕೊಂಡರು.

ಊರಿನ ರೇಷನ್ ಕಾರ್ಡಿನಲ್ಲೇ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ, ಆಧಾರ್ ಜೋಡಣೆ ಆಗಿರಬೇಕು ಅಷ್ಟೇ. ಕಟ್ಟಡ ಕಾರ್ಮಿಕರ ಕಾರ್ಡಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಅದಕ್ಕೆ ಸಹಿ ಹಾಕಲಿಕ್ಕೆ ಕಂಟ್ರಾಕ್ಟರ್ ನಾಳೆ ಬನ್ನಿ, ನಾಡಿದ್ದು ಬನ್ನಿ ಅನ್ನುತ್ತಾನೆ. ಬಿಡಬೇಡಿ. ಈ ಕೆಲಸಕ್ಕೆಲ್ಲ ದುಡ್ಡು ದೊಡ್ಡದಲ್ಲ. ಹಿಂದಿ ಬರುವವರು ಒಬ್ಬರು, ಬೆಳಿಗ್ಗೆ ರಜೆ ಹಾಕಿ ಕಚೇರಿಗೆ ಬರುವವರು ಒಬ್ಬರು ಬೇಕು.

ಉಡುಪಿಯಿಂದ:
ಊಟದ ಜೊತೆ ಕರಪತ್ರ ಕೊಡಬೇಡಿ, ದಯವಿಟ್ಟು. ಜಾರ್ಖಂಡಿನ ಗುಮ್ಲಾ, ಸಿಮ್ಡೇಗಾ ಕಡೆಯವರಾದರೆ ಅವರಲ್ಲಿ ಕ್ರೈಸ್ತರು ಇರಬಹುದು, ಇಗರ್ಜಿಗೂ (ಚರ್ಚಿಗೂ) ಬರಬಹುದು. ಬಂದರೆ ಜಾಗ ಬಿಟ್ಟು ಕೂರಿಸಿ. ಆದರೆ ಅವರು ಯಾರು ಅಂತ ವಿಚಾರಿಸಿ ಆಮೇಲೆ ಸಹಾಯ ಮಾಡುವುದು ಬೇಡ. ಬೈಬಲಿನ ಕಥೆಯಲ್ಲಿ ದಾರಿಯಲ್ಲಿ ಬಿದ್ದವನ ಜಾತಿಯನ್ನು, ಸಹಾಯ ಮಾಡಿದ ಸಮಾರ್ಯದವನು ಕೇಳಿದ್ದನಾ? ಇನ್ನೊಂದು ಮಾತು. ವಲಸಿಗರ ಮತ್ತು ನಿರಾಶ್ರಿತರ ದಿನವನ್ನು ಕಥೋಲಿಕ ಸಭೆ 1914ರಿಂದ ಆಚರಿಸುತ್ತಿದೆ, ಈಗ ಸಾಮಾನ್ಯವಾಗಿ ಸೆಪ್ಟೆಂಬರಿನ ಕೊನೆಯ ಭಾನುವಾರ. ಆ ದಿನದ ಪ್ರಸಂಗದಲ್ಲಿ ಈ ಶೆಡ್ಡಿನ ವಿಷಯ ಹೇಳಲು ಫಾದರ್ ಹತ್ತಿರ ಕೇಳಿ. ಫಾದರ್ ಹೇಳಿದರೆ ಗುರ್ಕಾರರೂ (ವಾಳೆಯ ಮುಖಂಡರೂ) ಕೇಳುತ್ತಾರೆ.

ಹಂಪನಕಟ್ಟೆಯಿಂದ:
"ಹೊರಗಿನವರು" ಅನ್ನುವವರಿಗೆ ಒಂದು ಉತ್ತರ ಇಟ್ಟುಕೊಳ್ಳಿ. ಕೊಂಕಣಿ ಕ್ರೈಸ್ತರು ಗೋವಾದಿಂದ ಬಂದವರು. ಇನ್ಕ್ವಿಸಿಷನ್ (ಪೋರ್ಚುಗೀಸರ ಕಾಲದ ಧರ್ಮವಿಚಾರಣೆ), ಬರ, ಮರಾಠರ ದಾಳಿ, ಕಾರಣ ಒಂದೆರಡಲ್ಲ. ಇಲ್ಲಿಯ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಎದ್ದು ನಿಂತದ್ದು ಕೆಳದಿ ರಾಣಿ ಚೆನ್ನಮ್ಮ ಕೊಟ್ಟ ಜಾಗದಲ್ಲಿ. ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೂ ಅದೇ ರಾಣಿ ಆಸರೆ ಕೊಟ್ಟಿದ್ದಳು. ಆಕೆಯೂ "ಯಾರೋ ಏನೋ" ಅಂದಿದ್ದರೆ ನಾವು ಯಾವ ವಾಳೆಯ ಮೀಟಿಂಗ್ ಮಾಡುತ್ತಿದ್ದೆವೋ!

ಕಂಕನಾಡಿಯಿಂದ:
ಒಂದು ಎಚ್ಚರಿಕೆ. ಮುಂದೆ ವಿದೇಶದವರು ಯಾರಾದರೂ ಬಂದರೆ, ಮನೆಯಲ್ಲಿ ಉಳಿಸಿಕೊಂಡವರು 24 ಗಂಟೆಯೊಳಗೆ ಸರ್ಕಾರಕ್ಕೆ ಅದರ ಫಾರ್ಮ್ ತುಂಬಿ ತಿಳಿಸಬೇಕು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಹಾಗಾಗಿ ಕರುಣೆ ಒಂದೇ ಸಾಲದು, ಕಾಗದವೂ ಸರಿ ಇರಬೇಕು. ಜಾರ್ಖಂಡಿನವರಿಗೆ ಇದು ಯಾವುದೂ ಬೇಡ. ಅವರು ನಮ್ಮ ದೇಶದವರೇ, ಎಲ್ಲಿ ಬೇಕಾದರೂ ಇರಬಹುದು. ಇದನ್ನೂ ಮೀಟಿಂಗಿನಲ್ಲಿ ಹೇಳಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ದೇವ್ ಬರೆಂ ಕರುಂ (ದೇವರು ಒಳ್ಳೆಯದು ಮಾಡಲಿ). ಶಾಲೆಯಿಂದಲೇ ಶುರು ಮಾಡುತ್ತೇವೆ. ಹಿಂದಿ ಚೆನ್ನಾಗಿ ಬರುವವರು, ಬೆಳಿಗ್ಗೆ ಬಿಡುವಿರುವವರು ಮಂಗಳೂರಿನಲ್ಲಿ ಯಾರಾದರೂ ಇದ್ದೀರಾ?