ಆಪೂಸ್ ಮಾವಿನ ಕಸಿ ಗಿಡದ ಹೊಸ ಚಿಗುರು ಹಳದಿ ಆಗ್ತಿದೆ, ಏನು ಮಾಡಲಿ?

ಎರಿಹೊಲ: ನಮಸ್ಕಾರ್ರಿ. ಧಾರವಾಡದ ಪೂರ್ವಕ್ಕೆ ಎರಿ (ಕಪ್ಪು ಮಣ್ಣಿನ) ಹೊಲ, ಎರಡು ವರ್ಷದ ಆಪೂಸ್ ಕಸಿ ಗಿಡ. ಬೋರ್‌ವೆಲ್ ನೀರು, ದಿನಾ ಡ್ರಿಪ್. ಚಿಗುರು ತಾಮ್ರದ ಬಣ್ಣದಲ್ಲಿ ಚೆನ್ನಾಗೇ ಬರುತ್ತೆ, ಆಮೇಲೆ ಹಸಿರಾಗೋ ಬದಲು ಹಳದಿಗೆ ತಿರುಗುತ್ತೆ. ಕೆಲವದರ ತುದಿ ಕಂದಾಗಿ ಒಣಗುತ್ತೆ. ಡಿಎಪಿ ಹಾಕಿ, 19:19:19 ಗೊಬ್ಬರ ನೀರಲ್ಲಿ ಕರಗಿಸಿ ಸಿಂಪಡಿಸಿದರೂ ಅಷ್ಟೇ. ಅಂಗಡಿಯವರು ಶಿಲೀಂಧ್ರನಾಶಕ ಹೊಡೀರಿ ಅಂತಾರೆ. ಹೊಡೀಲೇನ್ರಿ?

ಮಾವುಮಿತ್ರ: ಸದ್ಯಕ್ಕೆ ಏನೂ ಹೊಡೀಬೇಡಿ ಸರ್. ಶಿಲೀಂಧ್ರದಿಂದ ಬರೋ ಚಿಬ್ಬು ರೋಗವಾದರೆ ಎಳೆ ಎಲೆ ಮೇಲೆ ಕಪ್ಪು ಚುಕ್ಕೆ ಬೀಳುತ್ತೆ, ಅದೂ ಮಳೆ, ಇಬ್ಬನಿ ಇದ್ದಾಗ. ಬರೀ ಹಳದಿಗೆ ಆ ಔಷಧ ದಂಡ.

ಮೊದಲು ಇಷ್ಟು ನೋಡಿ ಹೇಳಿ. ಎಲೆ ಹಳದಿಯಾದರೂ ನರ ಹಸಿರಾಗೇ ಇದೆಯಾ? ಎಲೆ ಗಾತ್ರ ಎಂದಿನಷ್ಟೇ ಇದೆಯಾ, ಇಲ್ಲಾ ಸಣ್ಣದಾಗಿ ತುದಿಯಲ್ಲಿ ಗುಂಪು ಕಟ್ಟಿದೆಯಾ? ಚಿಗುರನ್ನು ಬಿಳಿ ಹಾಳೆ ಮೇಲೆ ತಟ್ಟಿ. ಸಣ್ಣ ಹಳದಿ ಗೆರೆಯಂಥ ಹುಳ ಓಡಾಡಿದರೆ ಥ್ರಿಪ್ಸ್. ಗಿಡದ ಕೆಳಗೆ ಕತ್ತರಿಯಲ್ಲಿ ಕತ್ತರಿಸಿದಂಥ ಎಳೆ ಎಲೆ ಬಿದ್ದಿದ್ದರೆ ಮೂತಿಹುಳುವಿನ ಕೆಲಸ, ಮೊಟ್ಟೆ ಆ ಬಿದ್ದ ಎಲೆಯಲ್ಲೇ ಇರುತ್ತೆ, ಆರಿಸಿ ಸುಟ್ಟುಬಿಡಿ. ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿದ್ದೀರಾ ಅಂತಲೂ ನೋಡಿ. ಅದು ಕಾಂಡಕ್ಕೆ ಕಚ್ಚಿಕೊಂಡರೆ ಮೇಲಿನ ಚಿಗುರೆಲ್ಲ ಸೊರಗುತ್ತೆ.

ಎರಿಹೊಲ: ಪಟ್ಟಿ ಬಿಚ್ಚಿದ್ದೇವ್ರಿ, ಹುಳ ಇಲ್ಲ. ನರ ಹಸಿರು, ನಡುವೆ ಹಳದಿ, ತೀರಾ ಎಳೆಯವು ಬಿಳಿಚಿಕೊಂಡಿವೆ. ಎಲೆ ಗಾತ್ರ ಸರಿ ಇದೆ. ಹಳೆ ಎಲೆಗೆ ಏನೂ ಆಗಿಲ್ಲ. ಮಣ್ಣಲ್ಲಿ ಸುಣ್ಣದ ಹರಳು ಇವೆ, ಪಿಎಚ್ (ಹುಳಿ-ಕ್ಷಾರದ ಅಳತೆ) 8.3, ಅಂದ್ರೆ ಕ್ಷಾರ.

ಮಣ್ಣುಪರೀಕ್ಷೆ: ಹಾಗಾದರೆ ಕಬ್ಬಿಣದ ಕೊರತೆ. ಎಲೆ ಸಣ್ಣದಾಗಿ, ಗೆಣ್ಣು ಗಿಡ್ಡವಾಗಿದ್ದರೆ ಸತುವನ್ನು ಅನುಮಾನಿಸಬೇಕಿತ್ತು. ಉಪ್ಪು ನೀರಿನದಾಗಿದ್ದರೆ ಸುಡೋದು ಹಳೆ ಎಲೆ ಅಂಚಿನಿಂದ ಶುರು.

ಮಣ್ಣಲ್ಲಿ ಕಬ್ಬಿಣ ಇದ್ದೇ ಇರುತ್ತೆ, ಸುಣ್ಣ ಅದನ್ನು ಬೇರಿಗೆ ಸಿಗದ ಹಾಗೆ ಹಿಡಿದಿಡುತ್ತೆ. ಎರಿ ಮಣ್ಣು ಸದಾ ಹಸಿಯಾಗಿದ್ದರೆ ಬೇರಿಗೆ ಗಾಳಿಯಾಡದೆ ಇದು ಇನ್ನೂ ಹೆಚ್ಚುತ್ತೆ. ಡಿಎಪಿಯ ರಂಜಕವೂ ಕಬ್ಬಿಣ ಸಿಗದಂತೆ ಮಾಡುತ್ತೆ. ಅದಕ್ಕೇ ದಿನಾ ನೀರು ಬಿಡೋದನ್ನೂ ಡಿಎಪಿಯನ್ನೂ ಮೊದಲು ನಿಲ್ಲಿಸಿ. ಒಂದು ಗೇಣು ಆಳದ ಮಣ್ಣು ತೆಗೆದು ಉಂಡೆ ಕಟ್ಟಿ ನೋಡಿ, ಉದುರಿದರೆ ಮಾತ್ರ ನೀರು. ಡ್ರಿಪ್ಪರ್ ಬುಡದಿಂದ ಒಂದೂವರೆ ಅಡಿ ದೂರ ಇರಲಿ.

ಸಿಂಪಡಣೆಗೆ ಲೀಟರ್ ನೀರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ ಮೊದಲು ಕರಗಿಸಿ, ಆಮೇಲೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್). ಎಳೆ ಚಿಗುರಿಗೆ ಅರ್ಧ ಪ್ರಮಾಣ ಸಾಕು, ಇಲ್ಲಾಂದ್ರೆ ಸುಡುತ್ತೆ. ಸಂಜೆ ಹೊಡೀರಿ, 10–15 ದಿನಕ್ಕೊಮ್ಮೆ, ಎರಡು ಮೂರು ಸಲ. ದ್ರಾವಣ ತುಕ್ಕಿನ ಬಣ್ಣಕ್ಕೆ ತಿರುಗಿದರೆ ಚೆಲ್ಲಿಬಿಡಿ, ಆಗ ಅದನ್ನು ಎಲೆ ಹೀರಲ್ಲ.

ಮಾವುಮಿತ್ರ: ಇದಕ್ಕೊಂದು ಸೇರಿಸ್ತೀನಿ. ಮಣ್ಣಿಗೇ ಕೊಡೋದಾದರೆ ಸುಣ್ಣ ಹಿಡಿದಿಡದಂತೆ ಬೇರೆ ಪದಾರ್ಥಕ್ಕೆ ಬೆಸೆದ ಕಬ್ಬಿಣ (ಚೀಲೇಟ್) ಬೇಕು. ಅದರಲ್ಲಿ ಇಡಿಟಿಎ ಕಬ್ಬಿಣ ಬೇಡ, ಇಷ್ಟು ಪಿಎಚ್‌ನಲ್ಲಿ ನಿಲ್ಲಲ್ಲ. ಇಡಿಡಿಎಚ್‌ಎ ಅಂತ ಬರೆದಿರೋದನ್ನೇ ಕೇಳಿ, ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ನೀರಲ್ಲಿ ಕಲಸಿ ಬೇರಿನ ಸುತ್ತ ಹಾಕಿ. ಬೆಲೆ ಜಾಸ್ತಿ, ಆದರೆ ಸುಣ್ಣದ ಮಣ್ಣಲ್ಲಿ ಕೆಲಸ ಮಾಡೋದು ಅದೇ. ಸಿಂಪಡಿಸಿದ ಕಬ್ಬಿಣ ಹಳೆ ಎಲೆಯಿಂದ ಹೊಸ ಎಲೆಗೆ ಹೋಗಲ್ಲ, ಹಾಗಾಗಿ ಮುಂದಿನ ಚಿಗುರು ಬಂದಾಗ ಮತ್ತೆ ಸಿಂಪಡಿಸಬೇಕಾಗುತ್ತೆ.